ಒಂದೇ ಎಂಜಿನ್, ಎರಡು ಹಣೆಬರಹ: ಹಳೆಯ ಕಾರುಗಳಲ್ಲಿ ಯಾವುದು ಹರಾಜಿಗೆ, ಯಾವುದು ಗುಜರಿಗೆ?

ಫೆರಾರಿ 250 ಜಿಟಿಒ ಹೆಸರು ಕೇಳದ ಕಾರುಪ್ರಿಯರು ಸಿಗುವುದು ಕಷ್ಟ. 1962ರಿಂದ 1964ರ ನಡುವೆ ತಯಾರಾದದ್ದು 36 ಕಾರು. 2018ರಲ್ಲಿ ಅವುಗಳಲ್ಲೊಂದು ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅದೇ ಕಾರ್ಖಾನೆಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, 250 ಜಿಟಿಇ ಎಂಬ ಇನ್ನೊಂದು ಕಾರೂ ತಯಾರಾಗುತ್ತಿತ್ತು. ಎರಡಕ್ಕೂ ಎಂಜಿನಿಯರ್ ಕೊಲಂಬೊ ವಿನ್ಯಾಸದ ಅದೇ 2,953 ಸಿಸಿಯ 12 ಸಿಲಿಂಡರ್ ಎಂಜಿನ್. ಜಿಟಿಇಯಲ್ಲಿ ಹಿಂದೆ ಇನ್ನಿಬ್ಬರು ಕೂರಬಹುದಿತ್ತು, ಸಾಮಾನಿಗೆ ಡಿಕ್ಕಿಯೂ ಇತ್ತು. ಸುಮಾರು 950 ಮಾರಾಟವಾಗಿ ಕಂಪನಿಯ ಖರ್ಚಿಗೆ ಒದಗಿದ್ದು ಅದೇ.

ಜಿಟಿಒ ಬೆಲೆ ಏರುತ್ತ ಹೋದಂತೆ ಜಿಟಿಇಗೆ ಒಂದು ವಿಚಿತ್ರ ಉಪಯೋಗ ಹುಟ್ಟಿಕೊಂಡಿತು. ಅದರ ಎಂಜಿನ್, ಗೇರ್‌ಬಾಕ್ಸ್ ಇಟ್ಟುಕೊಂಡು, 2,600 ಮಿಲಿಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಚಾಸಿಯನ್ನು ಕತ್ತರಿಸಿ 2,400ಕ್ಕೆ ಇಳಿಸಿ, ಮೇಲೆ ಹೊಸದಾಗಿ ಬಡಿದ ಅಲ್ಯೂಮಿನಿಯಂ ಬಾಡಿ ಕೂರಿಸಿದರೆ ಜಿಟಿಒ ನಕಲು ಸಿದ್ಧ. ಎಷ್ಟೋ ಜಿಟಿಇಗಳ ಕಥೆ ಹೀಗೇ ಮುಗಿಯಿತು. ಒಂದು ಫೆರಾರಿಯ ನಕಲಿಗಾಗಿ ಇನ್ನೊಂದು ಅಸಲಿ ಫೆರಾರಿಯನ್ನೇ ಕೊಯ್ದರು ಎಂದಮೇಲೆ, ಕಾರಿನ ಗುಣಕ್ಕೂ ಅದರ ಬೆಲೆಗೂ ಇರುವ ನಂಟು ಎಷ್ಟು ಸಡಿಲ ಎಂಬುದು ತಿಳಿಯುತ್ತದೆ.

ವೇಗ, ಅಂದ, ರೇಸಿನ ಇತಿಹಾಸ, ಕಡಿಮೆ ಸಂಖ್ಯೆ ಎಂದು ಸಾಮಾನ್ಯವಾಗಿ ಪಟ್ಟಿ ಮಾಡುವ ಕಾರಣಗಳೆಲ್ಲ ನಿಜವೇ. ಆದರೆ ಅವು ಕೆಲಸ ಮಾಡುವುದು ಒಂದೇ ಒಂದು ಲೆಕ್ಕದ ಮೂಲಕ. ಕಾರಿಗೆ 10ರಿಂದ 25 ವರ್ಷ ವಯಸ್ಸಾಗುವ ನಡುವೆ ಒಂದು ದಿನ ರಿಪೇರಿಯ ಖರ್ಚು ಕಾರಿನ ಬೆಲೆಯನ್ನು ಮೀರುತ್ತದೆ. ಆ ದಿನ ನಷ್ಟ ನುಂಗಿಕೊಂಡು ದುಡ್ಡು ಹಾಕುವವರು ಒಬ್ಬರಾದರೂ ಇದ್ದಾರೆಯೇ? ಇದ್ದರೆ ಆ ಮಾದರಿ ಕ್ಲಾಸಿಕ್ ಆಗುವ ದಾರಿಯಲ್ಲಿದೆ. ಇಲ್ಲದಿದ್ದರೆ ಅದು ಎಷ್ಟೇ ಒಳ್ಳೆಯ ಕಾರಾಗಿದ್ದರೂ ಗುಜರಿಗೆ.

ನಡುವಯಸ್ಸಿನ ಗಂಡಾಂತರ

ಈ ಗಂಡಾಂತರ ದುಬಾರಿ ಕಾರಿಗೂ ತಪ್ಪಿದ್ದಲ್ಲ. ರೇಸಿನಲ್ಲಿ ಹಳತಾದ ಮೇಲೆ, ಅರವತ್ತರ ದಶಕದ ಕೊನೆಗೆ, ಜಿಟಿಒ ಕೂಡ ಕೆಲವು ಸಾವಿರ ಡಾಲರಿಗೆ ಕೈಬದಲಾಗುತ್ತಿದ್ದ ಹಳೆಯ ರೇಸ್ ಕಾರು ಅಷ್ಟೆ. ವ್ಯತ್ಯಾಸ ಏನೆಂದರೆ ಅದನ್ನು ಕೊಂಡವರು ಶೆಡ್ಡಿನಲ್ಲಿ ಇಟ್ಟುಕೊಂಡರು. 36ಕ್ಕೆ 36ರ ಜಾಡೂ ಇಂದಿಗೆ ಗೊತ್ತಿದೆ. ಸಾಧಾರಣ ಫ್ಯಾಮಿಲಿ ಕಾರನ್ನು ಹಾಗೆ ಇಟ್ಟುಕೊಳ್ಳುವವರಿಲ್ಲ. ಮೂರನೆಯವರೋ ನಾಲ್ಕನೆಯವರೋ ಕೊಂಡು, ಸರ್ವಿಸ್ ಮಾಡಿಸದೆ ಓಡಿಸಿ, ಕ್ಲಚ್ ಹೋದ ದಿನ ಬಿಟ್ಟುಬಿಡುತ್ತಾರೆ.

ಸರ್ಕಾರಗಳ ಗುಜರಿ ಯೋಜನೆಗಳೂ ಸರಿಯಾಗಿ ಇದೇ ವಯಸ್ಸಿನ ಕಾರಿನ ಮೇಲೆ ಬಿದ್ದವು. 2009ರಲ್ಲಿ ಜರ್ಮನಿ 9 ವರ್ಷ ಮೀರಿದ ಕಾರನ್ನು ಗುಜರಿಗೆ ಹಾಕಿ ಹೊಸದು ಕೊಂಡವರಿಗೆ 2,500 ಯೂರೊ ಕೊಟ್ಟಿತು. ಸುಮಾರು 20 ಲಕ್ಷ ಕಾರು ಹೋದವು. ಅದೇ ವರ್ಷ ಅಮೆರಿಕ ನಡೆಸಿದ ಯೋಜನೆಯಲ್ಲಿ ಹೋದದ್ದು ಸುಮಾರು 6.8 ಲಕ್ಷ. ಅಲ್ಲಿನ ನಿಯಮದಲ್ಲಿ ಒಂದು ಸಾಲು ಗಮನಿಸಬೇಕು: ಕಾರು 25 ವರ್ಷಕ್ಕಿಂತ ಹೊಸದಾಗಿರಬೇಕು. ಕ್ಲಾಸಿಕ್ ಎನಿಸಿಕೊಂಡವುಗಳನ್ನು ಉಳಿಸಲೆಂದು ಇಟ್ಟ ಸಾಲು ಅದು, ಆದರೆ ಮುಂದೆ ಕ್ಲಾಸಿಕ್ ಆಗಬೇಕಿದ್ದವಕ್ಕೆ ಅದೇ ಮುಳುವಾಯಿತು. ಎಂಜಿನ್ ಮತ್ತೆ ಬಳಕೆಗೆ ಬರಬಾರದೆಂದು ಆಯಿಲ್ ಇಳಿಸಿ, ಬದಲಿಗೆ ಎರಡು ಲೀಟರಿನಷ್ಟು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, 2,000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸುತ್ತಿದ್ದರು. ಬಿಸಿಗೆ ನೀರು ಆವಿಯಾಗಿ ಬೇರಿಂಗ್‌ಗಳೊಳಗೆ ಗಾಜಿನಂಥದ್ದು ಕಟ್ಟಿಕೊಂಡು, ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಿಡಿದು ನಿಲ್ಲುತ್ತಿತ್ತು. ಗುಜರಿಯಿಂದ ಎಂಜಿನ್ ಬಿಚ್ಚಿ ತಂದು ಇನ್ನೊಂದನ್ನು ಓಡಿಸುವ ದಾರಿಯೂ ಅಲ್ಲಿಗೆ ಮುಚ್ಚಿತು.

ತಗಡಿಗೆ ಕಾರಿನ ಹೆಸರು ಗೊತ್ತಿಲ್ಲ

ಈ ಲೆಕ್ಕ ಎಲ್ಲಿ ಬಿಗಿಯುತ್ತದೆ ಎಂದು ನೋಡಲು ಬ್ರಿಟನ್ನಿನ ಎರಡು ಕಾರು ಸಾಕು. ಎಂಜಿಬಿ, 1962ರಿಂದ 1980ರವರೆಗೆ, ಮುಚ್ಚಿದ ಜಿಟಿ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಹೆಚ್ಚು ತಯಾರಾದ ತೆರೆದ ಸ್ಪೋರ್ಟ್ಸ್ ಕಾರು. ಮಾರಿಸ್ ಮರೀನಾ, 1971ರಿಂದ 1980ರವರೆಗೆ ಎಂಟು ಲಕ್ಷದಷ್ಟು ತಯಾರಾದ ಫ್ಯಾಮಿಲಿ ಕಾರು. ಮರೀನಾದ 1.8 ಮಾದರಿಯ ಬಾನೆಟ್ ಎತ್ತಿದರೆ ಕಾಣುವುದು ಎಂಜಿಬಿಯ ಬಿ ಸೀರೀಸ್ ಎಂಜಿನ್ನೇ. ಟಿಸಿ ಮಾದರಿಗಾದರೆ ಜೋಡಿ ಕಾರ್ಬುರೇಟರ್ ಕೂಡ. ಇವತ್ತು ಎಂಜಿಬಿ ಬೇಕಾದಷ್ಟಿವೆ. ಮರೀನಾ ಎಲ್ಲಾದರೂ ಒಂದು ಕಂಡರೆ ಜನ ನಿಂತು ಫೋಟೊ ತೆಗೆಯುತ್ತಾರೆ.

ಎಂಜಿನ್ ಕಾರಣವಲ್ಲ ಎಂದಾಯಿತು. ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್ ಎಲ್ಲ ಎಂಜಿಬಿಗಾಗಿ ಇಂದಿಗೂ ತಯಾರಾಗುತ್ತಿವೆ, ಮರೀನಾಕ್ಕೂ ಕೂರುತ್ತವೆ. ಮರೀನಾ ಸತ್ತದ್ದು ತಗಡಿನಿಂದ.

ಎಂಜಿಬಿಯ ಸಿಲ್ ಬದಲಿಸುವ ಕೆಲಸವನ್ನು ತೆಗೆದುಕೊಳ್ಳಿ. ಸಿಲ್ ಎಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹಾಯುವ ಪೆಟ್ಟಿಗೆಯಂಥ ಭಾಗ. ಹೊರಗಿನ ತಗಡು, ಒಳಗಿನ ತಗಡು, ನಡುವೆ ನಿಂತ ಇನ್ನೊಂದು ಪಟ್ಟಿ, ಅಡಿಯಲ್ಲಿ ಇವನ್ನೆಲ್ಲ ಹಿಡಿದಿಡುವ ಕ್ಯಾಸಲ್ ರೈಲ್. ಚಾವಣಿಯಿಲ್ಲದ ಕಾರಿಗೆ ಬೆನ್ನೆಲುಬು ಇದೇ. ಚಕ್ರ ಎರಚಿದ ಮಣ್ಣು ಮುಂದಿನ ಫೆಂಡರಿನ ಒಳಗೆ ಗುಡ್ಡೆ ಬಿದ್ದು, ತೇವ ಹಿಡಿದು, ಸಿಲ್‌ನ ಮುಂತುದಿಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟಿನಡಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಪಟ್ಟಿ ಹೋಗಿರುತ್ತದೆ.

ಕೆಲಸದ ಕ್ರಮ ಹೀಗಿದೆ. ಕಾರನ್ನು ಸಮತಟ್ಟಾಗಿ, ಸಸ್ಪೆನ್ಷನ್ ಮೇಲೆ ಭಾರ ಬಿದ್ದ ಹಾಗೆಯೇ ನಿಲ್ಲಿಸಬೇಕು. ಬಾಗಿಲ ಚೌಕಟ್ಟಿಗೆ ಕಬ್ಬಿಣದ ಚೌಕ ಪೈಪು ಅಡ್ಡ ಕೊಟ್ಟು ವೆಲ್ಡ್ ಮಾಡಬೇಕು. ಸಿಲ್‌ನ ತುದಿ ಮುಂದೆ ಫೆಂಡರಿನ ಅಡಿ, ಹಿಂದೆ ಕ್ವಾರ್ಟರ್ ಪ್ಯಾನೆಲ್ಲಿನ ಅಡಿ ಹೋಗುವುದರಿಂದ ಫೆಂಡರ್ ಬಿಚ್ಚಲೇಬೇಕು, ಹಿಂದಿನ ಪ್ಯಾನೆಲ್ಲಿನ ಕೆಳಭಾಗ ಕತ್ತರಿಸಲೇಬೇಕು. ಹಳೆಯ ಸ್ಪಾಟ್ ವೆಲ್ಡುಗಳನ್ನು 8 ಮಿಲಿಮೀಟರಿನ ಕಟರಿನಲ್ಲಿ ಒಂದೊಂದಾಗಿ ಕೊರೆದು ಬಿಡಿಸಬೇಕು. ಹೊಸ ತಗಡಿನ ಅಂಚಿಗೆ 25ರಿಂದ 40 ಮಿಲಿಮೀಟರಿಗೊಂದರಂತೆ 6 ಮಿಲಿಮೀಟರಿನ ತೂತು ಹಾಕಿ, ಎರಡು ತಗಡು ಕೂಡುವ ಮೈಗೆ ಸತುವಿನ ಪ್ರೈಮರ್ ಬಳಿದು, ಬಾಗಿಲು ತೂಗುಹಾಕಿ ಗ್ಯಾಪ್ ಸರಿಯಿದೆಯೇ ಎಂದು ನೋಡಿದ ಮೇಲಷ್ಟೇ ವೆಲ್ಡ್. ಅದನ್ನೂ ಒಂದೇ ಉಸಿರಿಗೆ ಎಳೆಯುವಂತಿಲ್ಲ. ಒಂದು ಚುಕ್ಕೆ ಇಲ್ಲಿ, ಮುಂದಿನದು ಅಡಿ ದೂರದಲ್ಲಿ. ಇಲ್ಲದಿದ್ದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಕೊನೆಗೆ ಒಳಟೊಳ್ಳಿಗೆ ಮೇಣ ಹಾಯಿಸಿ, ನೀರು ಇಳಿಯುವ ತೂತುಗಳು ಮುಚ್ಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಡ್ಡ ಪೈಪು ಕೊಡದೆ ಕತ್ತರಿಸಿದರೆ ಕಾರಿನ ಬಾಡಿ ಶೆಲ್ ನಡುವಿನಲ್ಲಿ ಕುಸಿದು, ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಹಳೆಯ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ಪುಟ್ಟಿ ಮೆತ್ತಿದರೆ ಕೆಲವೇ ವರ್ಷಗಳಲ್ಲಿ ಗುಳ್ಳೆ ಮರಳುತ್ತದೆ, ಅಷ್ಟರಲ್ಲಿ ಒಳಗೆ ಉಳಿದಿದ್ದದ್ದೂ ಹೋಗಿರುತ್ತದೆ.

ಶಿಸ್ತಾಗಿ ಮಾಡಿದರೆ ಒಂದೊಂದು ಬದಿಗೆ 30 ಗಂಟೆ ಹಿಡಿಯುವ ಕೆಲಸ ಇದು. ಮರೀನಾಕ್ಕೂ ಇಷ್ಟೇ ಗಂಟೆ ಬೇಕು. ನಿಜ ಹೇಳಬೇಕೆಂದರೆ ಹೆಚ್ಚೇ ಬೇಕು, ಏಕೆಂದರೆ ಎಂಜಿಬಿಗೆ ಅಚ್ಚೊತ್ತಿದ ಸಿಲ್ ಅಂಗಡಿಯಲ್ಲಿ ಸಿಗುತ್ತದೆ, ಮರೀನಾಕ್ಕೆ ತಗಡು ಬಗ್ಗಿಸಿ ಕೈಯಲ್ಲೇ ಮಾಡಬೇಕು. ಎಂಜಿಬಿಯ ಪೂರ್ತಿ ಬಾಡಿ ಶೆಲ್ಲೇ 1988ರಿಂದ ಹೊಸದಾಗಿ ತಯಾರಾಗಿ ಬರುತ್ತಿದೆ. ಟಿಂಕರಿಂಗ್, ಪೇಂಟಿಂಗ್, ಸೀಟು, ವೈರಿಂಗ್ ಸೇರಿ ಕಾರೊಂದನ್ನು ಬುಡದಿಂದ ಎಬ್ಬಿಸಲು ಸಾವಿರ ಗಂಟೆ ಮೀರುವುದು ಮಾಮೂಲು. ಕೂಲಿಯ ದರ ಕಾರಿನ ಬ್ಯಾಡ್ಜ್ ನೋಡಿ ಬದಲಾಗುವುದಿಲ್ಲ. ಸಾವಿರ ಗಂಟೆಯ ಕೂಲಿಯನ್ನು ಜಾಗ್ವಾರ್ ಇ ಟೈಪ್ ತಡೆದುಕೊಳ್ಳುತ್ತದೆ, ಎಂಜಿಬಿ ಕಷ್ಟಪಟ್ಟು ಅರ್ಧ ತಡೆದುಕೊಳ್ಳುತ್ತದೆ, ಮರೀನಾ ಕಾಲು ಭಾಗವನ್ನೂ ತಡೆಯುವುದಿಲ್ಲ.

ತಗಡಿಗಿಂತ ಕೆಟ್ಟದ್ದು ಟ್ರಿಮ್. ತಗಡನ್ನು ನುರಿತ ಕೈ ಬಡಿದು ಮಾಡೀತು. ಹಿಂದಿನ ದೀಪದ ಕೆಂಪು ಲೆನ್ಸ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಕಿಟಕಿಯ ಸುತ್ತ ಕೂರುವ ರಬ್ಬರ್ ಬೀಡಿಂಗ್, ಇವಕ್ಕೆ ಅಚ್ಚು ಬೇಕು. ಅಚ್ಚಿನ ಖರ್ಚು ನೂರಾರು ಆರ್ಡರುಗಳಿಗೆ ಹಂಚಿಹೋದರಷ್ಟೇ ಗಿಟ್ಟುತ್ತದೆ. ಗಾಜಿನಲ್ಲೂ ಭೇದವಿದೆ. ಮುಂದಿನ ಲ್ಯಾಮಿನೇಟೆಡ್ ಗಾಜನ್ನು ಸಣ್ಣ ಪ್ರಮಾಣದಲ್ಲಿ ಮಾಡಿಕೊಡುವವರು ಸಿಗುತ್ತಾರೆ. ಹಿಂದಿನ ಬಾಗಿದ ಟಫನ್ಡ್ ಗಾಜನ್ನು ಬಗ್ಗಿಸಿದ ಮೇಲೆ ಹದ ಮಾಡಬೇಕು; ಹದವಾದ ಬಳಿಕ ಕತ್ತರಿಸಲೂ ಬಾರದು, ಕೊರೆಯಲೂ ಬಾರದು. ಅದಕ್ಕೆಂದೇ ಅಚ್ಚಿಲ್ಲದಿದ್ದರೆ ಕಥೆ ಮುಗಿಯಿತು. ಸಾಧಾರಣ ಕಾರು ಹಿಡಿದುಕೊಂಡವರು ವರ್ಷಗಟ್ಟಲೆ ಹುಡುಕುವುದು ಎಂಜಿನ್ ಭಾಗವನ್ನಲ್ಲ, ಇಂಥವನ್ನೇ. ಮರೀನಾದ ಬಾಗಿಲ ಹಿಡಿ ಮಾತ್ರ ಅದೃಷ್ಟಶಾಲಿ: ಲೋಟಸ್ ಎಸ್ಪ್ರಿಯಂಥ ಬೇರೆ ಕಾರುಗಳ ಬಾಗಿಲಿಗೂ ಅದನ್ನೇ ಹಾಕಿದ್ದರಿಂದ ಇಂದಿಗೂ ಸಿಗುತ್ತದೆ.

ಹೀಗೆ ಬೇಡಿಕೆಯಿಲ್ಲದ್ದಕ್ಕೆ ಭಾಗವಿಲ್ಲ, ಭಾಗವಿಲ್ಲದ್ದಕ್ಕೆ ಕಾರು ಉಳಿಯುವುದಿಲ್ಲ, ಉಳಿಯದ್ದಕ್ಕೆ ಬೇಡಿಕೆ ಇನ್ನೂ ಇಳಿಯುತ್ತದೆ. ಜನಪ್ರಿಯ ಕಾರಿನಲ್ಲಿ ಇದೇ ಚಕ್ರ ಮೇಲ್ಮುಖವಾಗಿ ತಿರುಗುತ್ತದೆ.

ಕಡಿಮೆ ಸಂಖ್ಯೆ ಎಂಬ ಮಾತಿನ ಒಳಗೆ

ಮರೀನಾ ಈಗ ಅಷ್ಟು ವಿರಳವಾದರೆ ಬೆಲೆ ಏರಬೇಕಲ್ಲವೇ? ಏರುವುದಿಲ್ಲ. ಮಾರುಕಟ್ಟೆ ದುಡ್ಡು ಕೊಡುವುದು ಹುಟ್ಟುವಾಗಲೇ ವಿರಳವಾಗಿದ್ದುದಕ್ಕೆ. ಸತ್ತು ವಿರಳವಾದದ್ದಕ್ಕೆ ಕೊಡುವುದು ಅಪರೂಪ. ಅದರಲ್ಲೂ ಒಂದು ಕಾರಣಕ್ಕಾಗಿ ಕಡಿಮೆ ತಯಾರಾಗಿರಬೇಕು, ಆ ಕಾರಣ ಕಾಗದದಲ್ಲಿರಬೇಕು. ಇಂಥ ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹೋಮೊಲೊಗೇಷನ್. ರೇಸಿಗೆ ಇಳಿಸುವ ಕಾರನ್ನು ಇಂತಿಷ್ಟು ಸಂಖ್ಯೆಯಲ್ಲಿ ರಸ್ತೆಗೂ ತಯಾರಿಸಿರಬೇಕು ಎಂಬ ನಿಯಮ ಅದು. ಪೋರ್ಶೆ 911 ಕರೇರಾ ಆರ್‌ಎಸ್ 2.7 ಇದಕ್ಕಾಗಿಯೇ ಹುಟ್ಟಿತು. ಬೇಕಿದ್ದದ್ದು 500, ಬೇಡಿಕೆ ಬಂದು ಒಟ್ಟು 1,580 ತಯಾರಾದವು. ಅವುಗಳಲ್ಲಿ 200 ಹಗುರ ಮಾದರಿ. ಅದೇ ಹೊತ್ತಿನ 911 ಟಿ ಇದೇ ಆಕಾರದ ಕಾರು, ರಸ್ತೆಯಲ್ಲಿ ನೋಡುವವರಿಗೆ ಹಿಂದಿನ ಬಾತುಬಾಲದಂಥ ಸ್ಪಾಯ್ಲರೇ ಎದ್ದುಕಾಣುವ ವ್ಯತ್ಯಾಸ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಫೋರ್ಡ್ ಸಿಯೆರಾವನ್ನು ಲಕ್ಷಗಟ್ಟಲೆ ತಯಾರಿಸಿದರು, ಇಂದು ಕೇಳುವವರಿಲ್ಲ. ಗ್ರೂಪ್ ಎ ದರ್ಜೆಯ ರೇಸಿಗೆ 5,000 ಬೇಕೆಂದು ಮಾಡಿದ ಸಿಯೆರಾ ಆರ್‌ಎಸ್ ಕಾಸ್ವರ್ಥ್‌ಗೂ, ಅದರ ಮೇಲೆ 1987ರಲ್ಲಿ ಬಂದ 500 ಕಾರುಗಳ ಆರ್‌ಎಸ್ 500ಕ್ಕೂ ಸಾಲುಗಟ್ಟಿ ನಿಲ್ಲುತ್ತಾರೆ. ಜಿಟಿಒ ಕೂಡ ನಿಯಮದ ಕೂಸೇ. ನಿಯಮ ಕೇಳಿದ್ದು 100. ಇದು ಹಳೆಯ 250 ಜಿಟಿಗೆ ಹೊಸ ಬಾಡಿ ಅಷ್ಟೇ ಎಂದು ಒಪ್ಪಿಸಿ ಫೆರಾರಿ 36ರಲ್ಲೇ ಮುಗಿಸಿತು.

ಮಾರಾಟವಾಗದೆ ಕಡಿಮೆ ಉಳಿದದ್ದಕ್ಕೂ ಕೆಲವೊಮ್ಮೆ ಬೆಲೆ ಬರುತ್ತದೆ. ಬಿಎಂಡಬ್ಲ್ಯು 507 ಐವತ್ತರ ದಶಕದಲ್ಲಿ ಕಂಪನಿಯನ್ನೇ ಮುಳುಗಿಸುವಷ್ಟು ನಷ್ಟ ತಂದು 250ರ ಆಸುಪಾಸಿಗೆ ನಿಂತಿತು, ಇಂದು ಮಿಲಿಯನ್ ಡಾಲರುಗಳಲ್ಲಿ ಮಾತು. 1970ರ ಪ್ಲಿಮತ್ ಸೂಪರ್‌ಬರ್ಡ್‌ನ ಚೂಪು ಮೂತಿ, ಎತ್ತರದ ರೆಕ್ಕೆ ನೋಡಿ ಜನ ನಕ್ಕು, ಷೋರೂಮುಗಳಲ್ಲಿ ದೂಳು ತಿನ್ನುತ್ತಿತ್ತು. ಎರಡಕ್ಕೂ ನೋಡಿದವರು ಮರೆಯದ ರೂಪವಿತ್ತು. ಎರಡನೆಯದಕ್ಕೆ ನಾಸ್ಕಾರ್ ರೇಸಿನ ಜಾತಕವೂ ಇತ್ತು. ಎನ್‌ಎಸ್‌ಯು ಆರ್‌ಒ 80ಗೆ ರೂಪವಿತ್ತು, 1968ರ ಯೂರೋಪಿಯನ್ ಕಾರ್ ಆಫ್ ದಿ ಇಯರ್ ಪಟ್ಟವೂ ಇತ್ತು. ಪಿಸ್ಟನ್ ಬದಲು ತಿರುಗುವ ರೋಟರ್ ಇದ್ದ ಅದರ ರೋಟರಿ ಎಂಜಿನ್‌ನ ತುದಿ ಸೀಲುಗಳು ಬೇಗ ಸವೆಯುತ್ತಿದ್ದವು. ಬೇಸತ್ತವರು ಅದನ್ನು ಕಿತ್ತು ಫೋರ್ಡ್ ವಿ4 ಕೂರಿಸಿದರು. 37 ಸಾವಿರದಷ್ಟು ತಯಾರಾದ ಆ ಕಾರಿನ ಬೆಲೆ ಇಂದಿಗೂ ಅದರ ವಿನ್ಯಾಸದ ಮಟ್ಟಕ್ಕೆ ಬಂದಿಲ್ಲ.

ಎಂಜಿನಿಯರಿಂಗ್‌ನಲ್ಲಿ ದಾರಿ ತೋರಿಸಿದ ಕಾರಿಗಾದರೂ ಮರ್ಯಾದೆ ಇದೆಯೇ ಎಂದರೆ, ಇಲ್ಲವೆಂದೇ ಹೇಳಬೇಕು. ಅಡ್ಡ ಕೂರಿಸಿದ ಎಂಜಿನ್, ಅದರ ತುದಿಗೆ ಸೇರಿಸಿದ ಗೇರ್‌ಬಾಕ್ಸ್, ಒಂದು ಉದ್ದ ಒಂದು ಗಿಡ್ಡ ಡ್ರೈವ್ ಶಾಫ್ಟ್: ಇಂದು ಜಗತ್ತಿನ ಹೆಚ್ಚಿನ ಪೆಟ್ರೋಲ್ ಕಾರುಗಳ ಒಳಗಿರುವುದು ಇದೇ ಜೋಡಣೆ. ಫಿಯಟ್‌ನ ಎಂಜಿನಿಯರ್ ದಾಂತೆ ಜಕೋಸಾ ಇದನ್ನು ಮೊದಲು 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಇಟ್ಟರು. 1969ರ ಫಿಯಟ್ 128 ಅದನ್ನು ಮನೆಮನೆಗೆ ಮುಟ್ಟಿಸಿತು. ಫೋಕ್ಸ್‌ವ್ಯಾಗನ್ ಗಾಲ್ಫ್ ಬರುವ ಏಳು ವರ್ಷ ಮೊದಲೇ, 1967ರಲ್ಲಿ, ಸಿಮ್ಕಾ 1100 ಮುಂದಿನ ಚಕ್ರ ತಿರುಗಿಸುವ, ಹಿಂದೆ ಎತ್ತುವ ಬಾಗಿಲಿನ ಕಾರಾಗಿತ್ತು. ದೊಡ್ಡ ಹರಾಜುಗಳಲ್ಲಿ ಈ ಮೂರಕ್ಕೂ ಜಾಗವಿಲ್ಲ. ಎಲ್ಲರೂ ನಕಲು ಮಾಡಿದ ಯೋಚನೆ ಎಲ್ಲ ಕಾರಿನಲ್ಲೂ ಇರುವುದರಿಂದ, ಮೊದಲು ಮಾಡಿದವನ ಕಾರಿನಲ್ಲಿ ಕೂತಾಗ ವಿಶೇಷ ಅನ್ನಿಸುವುದೇ ಇಲ್ಲ. ವಸ್ತುಸಂಗ್ರಹಾಲಯಗಳು ಈ ತಪ್ಪು ತಿದ್ದಬೇಕಿತ್ತು. ಹೆಚ್ಚಿನವು ಕೆಂಪು ಫೆರಾರಿಯನ್ನೇ ಬಾಗಿಲಲ್ಲಿ ನಿಲ್ಲಿಸುತ್ತವೆ.

ನಕಲಿಗೆ ಬಲಿಯಾಗುವ ಬಡ ಸೋದರರು

ಒಂದೇ ಶೆಲ್ಲಿನ ಎರಡು ಮಾದರಿಗಳ ನಡುವೆ ಬೆಲೆ ಇಷ್ಟು ದೂರ ಸರಿದಾಗ ನಕಲಿಗೆ ಆಸೆ ಹುಟ್ಟುವುದು ಸಹಜ. ಅದಕ್ಕೆ ಬಲಿಯಾಗುವುದು ಸಾಧಾರಣ ಮಾದರಿಯೇ. ಎರಡು ಬಾಗಿಲಿನ ಫೋರ್ಡ್ ಎಸ್ಕಾರ್ಟ್ 1100 ಈಗ ಫ್ಯಾಮಿಲಿ ಕಾರಾಗಿ ಸಿಗುವುದು ಕಷ್ಟ, ರ್‍ಯಾಲಿ ಮಾದರಿಯಾಗಿ ಬದಲಾಗಿರುತ್ತದೆ. ನಾಲ್ಕು ಬಾಗಿಲಿನದು ಅದಕ್ಕೂ ಒದಗದೆ ಗುಜರಿಗೆ ಹೋಯಿತು. ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ 23 ಕಿಟಕಿಯ ಸಾಂಬಾ ಬೆಲೆ ಏರಿದ ಮೇಲೆ, ಸಾಮಾನು ಸಾಗಿಸುವ ವ್ಯಾನಿನ ಚಾವಣಿ ಕೊರೆದು ಕಿಟಕಿ ಕೂರಿಸುವವರು ಹುಟ್ಟಿದರು.

ಆದ್ದರಿಂದಲೇ ಬೆಲೆಯುಳ್ಳ ಮಾದರಿಯಲ್ಲಿ ಅರ್ಧ ಬೆಲೆ ನಂಬರುಗಳದ್ದು: ಚಾಸಿ, ಎಂಜಿನ್, ಗೇರ್‌ಬಾಕ್ಸ್ ನಂಬರುಗಳು ಕಾರ್ಖಾನೆಯ ದಾಖಲೆಗೆ ತಾಳೆಯಾಗಬೇಕು. ಪ್ಲೇಟು ಹೊಸದಾಗಿ ಒತ್ತಿಸಬಹುದು, ಲೋಹ ಸುಳ್ಳು ಹೇಳುವುದು ಕಷ್ಟ. 1964, 1965, 1967ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಮಿನಿ ಕೂಪರ್ ಎಸ್‌ನ ಸಿಲಿಂಡರ್ ಹೆಡ್ಡನ್ನು 11 ಕಡೆ ಬಿಗಿದಿರುತ್ತಾರೆ, 10 ಸ್ಟಡ್ ಮತ್ತು ಒಂದು ಬೋಲ್ಟ್. ಸಾಧಾರಣ ಮಿನಿಯಲ್ಲಿ 9 ಮಾತ್ರ. ಮುಂದಿನ ಡಿಸ್ಕ್ 7.5 ಇಂಚಿನದು. ಬಾನೆಟ್ ಎತ್ತಿ ಎಣಿಸಿದರೆ ಎರಡು ನಿಮಿಷದಲ್ಲಿ ಮೊದಲ ಜರಡಿ ಮುಗಿಯುತ್ತದೆ. ಆದರೆ 11 ಕಡೆ ಬಿಗಿದ ಎಂಜಿನ್ನನ್ನು ಬೇರೆ ಶೆಲ್ಲಿಗೆ ಹಾಕಿರಬಹುದು. ಆ ಪ್ರಶ್ನೆಗೆ ಉತ್ತರ ಹಳೆಯ ಸರ್ವಿಸ್ ಬಿಲ್ಲು, ನೋಂದಣಿ ದಾಖಲೆಗಳಲ್ಲೇ ಸಿಗಬೇಕು. ರೇಸ್ ಕಾರುಗಳ ಒಂದೊಂದು ಓಟವೂ ದಾಖಲಾಗಿರುತ್ತದೆ. ಮರೀನಾದಲ್ಲಿ ಕೆಲಸಕ್ಕೆ ಹೋಗಿಬಂದವರ ದಾಖಲೆ ಯಾರು ಇಡುತ್ತಾರೆ?

ಬಡ ಕಾರುಗಳಲ್ಲೂ ಗೆದ್ದವು

ಫೋಕ್ಸ್‌ವ್ಯಾಗನ್ ಬೀಟಲ್ 2 ಕೋಟಿ 15 ಲಕ್ಷ ತಯಾರಾಯಿತು. ಸಿಟ್ರೊಯೆನ್ 2ಸಿವಿ 38 ಲಕ್ಷ, ಹಳೆಯ ಮಿನಿ 53 ಲಕ್ಷ. ಇವು ಅಗ್ಗದ ಕಾರುಗಳೇ, ರಾಶಿ ರಾಶಿ ಇದ್ದವು, ಆದರೂ ಇಂದು ಪ್ರೀತಿಯಿಂದ ಸಾಕುವವರಿದ್ದಾರೆ. ಮುದ್ದಾದ ರೂಪ ಒಂದು ಕಾರಣ. ಅದಕ್ಕಿಂತ ಗಟ್ಟಿ ಕಾರಣ, ಇವು ಹೆಚ್ಚು ಬದಲಾಗದೆ ಬಹುಕಾಲ ತಯಾರಾದವು. 2ಸಿವಿ ಕೊನೆಯ ಬಾರಿ ಕಾರ್ಖಾನೆ ಬಿಟ್ಟದ್ದು 1990ರಲ್ಲಿ, ಬೀಟಲ್ ಮೆಕ್ಸಿಕೊದಲ್ಲಿ 2003ರಲ್ಲಿ. ಅಂದರೆ ಮೊದಲ ಕಾರುಗಳು ನಡುವಯಸ್ಸಿನ ಗಂಡಾಂತರ ದಾಟುವಾಗ ಕಂಪನಿಯೇ ಬಿಡಿಭಾಗ ಮಾರುತ್ತಿತ್ತು. ಮರೀನಾಕ್ಕೆ ಸಿಕ್ಕದ್ದು ಒಂಬತ್ತು ವರ್ಷ.

ಕಟ್ಟಿದ ರೀತಿಯೂ ಮುಖ್ಯ. ಬೀಟಲ್‌ನ ನಾಲ್ಕೂ ಫೆಂಡರ್ ಬೋಲ್ಟಿನವು. ನಾಲ್ಕು ಕಡೆ ಬಿಚ್ಚಿದರೆ ಎಂಜಿನ್ ಕೆಳಗಿಳಿಯುತ್ತದೆ. 2ಸಿವಿಯ ಬಾಡಿಯನ್ನು ಬಿಚ್ಚಿ ಎತ್ತಿಟ್ಟು ಅಡಿಗೆ ಹೊಸ ಚಾಸಿ ಕೊಡಬಹುದು, ಗ್ಯಾಲ್ವನೈಸ್ ಮಾಡಿದ್ದೇ ಸಿಗುತ್ತದೆ. ಮೇಲೆ ಹೇಳಿದ 30 ಗಂಟೆಯ ವೆಲ್ಡಿಂಗ್ ಇಲ್ಲಿ ಸ್ಪ್ಯಾನರ್ ಹಿಡಿದ ಮಾಲೀಕನ ಎರಡು ವಾರಾಂತ್ಯದ ಕೆಲಸ. ಕೂಲಿ ಇಲ್ಲದಾಗ ಕಡಿಮೆ ಬೆಲೆಯ ಕಾರೂ ಉಳಿಯುತ್ತದೆ. ಇಷ್ಟೊಂದು ಉಳಿದಲ್ಲಿ ಒಳಗೇ ಮತ್ತೆ ಜಾತಿಭೇದ ಶುರು. ಹಿಂದಿನ ಗಾಜು ಎರಡು ಹೋಳಾಗಿರುವ, 1953ರ ಮಾರ್ಚ್‌ವರೆಗಿನ ಬೀಟಲ್‌ಗೆ ಒಂದು ಬೆಲೆ, ಎಪ್ಪತ್ತರ ದಶಕದ್ದಕ್ಕೆ ಇನ್ನೊಂದು.

ಕೊಳ್ಳುವವರ ವಯಸ್ಸು ಸರಿದಂತೆ ಬೆಲೆಯೂ ಸರಿಯುತ್ತದೆ. ಹದಿನೈದು ವಯಸ್ಸಿನಲ್ಲಿ ಗೋಡೆಗೆ ಅಂಟಿಸಿದ ಚಿತ್ರದ ಕಾರನ್ನು ಕೈಯಲ್ಲಿ ದುಡ್ಡು ಓಡಾಡುವ ಐವತ್ತರಲ್ಲಿ ಕೊಳ್ಳುವುದು ಎಲ್ಲೆಡೆಯ ರೂಢಿ. ಆದ್ದರಿಂದಲೇ 1927ರಲ್ಲಿ ನಿಂತ ಫೋರ್ಡ್ ಮಾಡೆಲ್ ಟಿಗೆ ಇಂದಿಗೂ ಎಲ್ಲ ಭಾಗ ಸಿಕ್ಕರೂ ಹೊಸ ತಲೆಮಾರಿನ ಗಿರಾಕಿ ಕಡಿಮೆ. ಅಮೆರಿಕ 25 ವರ್ಷ ತುಂಬಿದ ಕಾರನ್ನು ತನ್ನ ಸುರಕ್ಷತಾ ನಿಯಮದ ಹಂಗಿಲ್ಲದೆ ಒಳಗೆ ಬಿಡುತ್ತದೆ. 1989ರ ನಿಸಾನ್ ಸ್ಕೈಲೈನ್ ಜಿಟಿ ಆರ್‌ಗೆ 2014ರಲ್ಲಿ, ಅದರದೇ ಮುಂದಿನ ತಲೆಮಾರಾದ 1999ರ ಆರ್34ಗೆ 2024ರಲ್ಲಿ ಆ ಬಾಗಿಲು ತೆರೆಯಿತು, ಬೆಲೆ ಅದಕ್ಕೆ ಮೊದಲೇ ಏರತೊಡಗಿತ್ತು. ಇತ್ತ ಬ್ರಿಟನ್ನಿನಲ್ಲಿ 2014ರಿಂದ ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್ ಎಂಬ ಮೇಳ ನಡೆಯುತ್ತಿದೆ, ಸಾಧಾರಣ ಕಾರುಗಳಿಗೆಂದೇ. ಪ್ರೀತಿ ಬಂದಿದೆ ಎಂಬುದು ನಿಜ. ಅಚ್ಚು ಮಾಡಿಸುವಷ್ಟು ಆರ್ಡರ್ ಬಂದಿಲ್ಲ.

ಸಾಧಾರಣ ಕಾರು ಕೊಳ್ಳುವವರಿಗೆ

ಇಷ್ಟೆಲ್ಲ ತಿಳಿದೂ ಅಂಥದ್ದೊಂದು ಬೇಕೆನ್ನುವವರು ನೋಡುವ ಕ್ರಮವನ್ನು ತಿರುವುಮುರುವು ಮಾಡಬೇಕು. ಮೊದಲು ಬಾಡಿ, ಆಮೇಲೆ ಟ್ರಿಮ್ ಮತ್ತು ಗಾಜು, ಎಂಜಿನ್ ಕೊನೆಗೆ. ಪೇಂಟಿನ ದಪ್ಪ ಅಳೆಯುವ ಮೀಟರ್ 100ರಿಂದ 150 ಮೈಕ್ರಾನ್ ತೋರಿಸಿದರೆ ಕಾರ್ಖಾನೆಯ ಬಣ್ಣವಿರಬಹುದು; 300 ದಾಟಿದರೆ ಮತ್ತೆ ಬಳಿದದ್ದು; 1,000 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಮೀಟರ್ ಇಲ್ಲದಿದ್ದರೆ ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು, ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ. ಒಂದು ಲೆನ್ಸ್ ಒಡೆದಿದ್ದರೂ, ಹಿಂದಿನ ಗಾಜು ಇಲ್ಲದಿದ್ದರೂ, ಅದು ಸಿಗುವವರೆಗೆ ಮುಂಗಡ ಕೊಡಬಾರದು.

ಎಂಜಿನ್ ಓಡದಿದ್ದರೂ ಚಿಂತೆಯಿಲ್ಲ ಎನ್ನುವುದು ಅತಿಯಾಯಿತು. ಓಡುತ್ತಿದ್ದರೆ ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೊಂದು ಸಿಲಿಂಡರಿನ ಕಂಪ್ರೆಷನ್ ನೋಡಬೇಕು. ತಮ್ಮತಮ್ಮಲ್ಲಿ ಶೇ 10ಕ್ಕಿಂತ ಹೆಚ್ಚು ಅಂತರವಿರಬಾರದು. ಕಡಿಮೆ ಬಂದ ಕಡೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಹೆಡ್ಡಾದರೆ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದಾರೆಯೇ ಎಂದು ಕೇಳಿ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಹೋಸನ್ನು ಉಬ್ಬಿಸಿ ಬಿರಿಸುತ್ತದೆ. ಆರ್9 ದರ್ಜೆಯ ಹೋಸ್ ಹಾಕಿಸುವುದು ಬೆಂಕಿಗಿಂತ ಅಗ್ಗ. ಟೈರಿನ ಗ್ರಿಪ್ ನೋಡಿ ಮೋಸಹೋಗದೆ ಪಕ್ಕದ ನಾಲ್ಕಂಕಿ ಓದಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಗ್ರಿಪ್ ಇದ್ದೂ ಪ್ರಯೋಜನವಿಲ್ಲ.

ಈಚೆಗೆ ಗಂಡಾಂತರದ ವಯಸ್ಸು ದಾಟಿದ್ದು ತೊಂಬತ್ತರ ದಶಕದವು. ತುಕ್ಕಿಗೆ ಇವು ಹಿಂದಿನವಕ್ಕಿಂತ ಗಟ್ಟಿ, ಸಾವು ಬರುವುದು ವಿದ್ಯುತ್ತಿನ ಕಡೆಯಿಂದ. ಮರ್ಸಿಡಿಸ್ ಡಬ್ಲ್ಯು124ರ ತೊಂಬತ್ತರ ದಶಕದ ಹಲವು ಕಾರುಗಳಲ್ಲಿ ಎಂಜಿನ್ ಬಿಸಿಗೆ ವೈರಿನ ಹೊದಿಕೆ ಪುಡಿಯಾಗಿ ಉದುರುತ್ತದೆ. ಪೋರ್ಶೆಯ ಕಾರ್ಖಾನೆಯಲ್ಲಿ ಜೋಡಿಸಿದ 500ಇ ಆದರೆ ಮಾಲೀಕ ಮರುಮಾತಿಲ್ಲದೆ ಹೊಸ ಹಾರ್ನೆಸ್ (ವೈರಿನ ಕಟ್ಟು) ಹಾಕಿಸುತ್ತಾನೆ, ಅದೇ ಶೆಲ್ಲಿನ ಮಾಮೂಲಿ ಮಾದರಿಗೆ ಆ ಬಿಲ್ಲು ಭಾರ. ಎಂಜಿನ್ ನಡೆಸುವ ಕಂಪ್ಯೂಟರಾದ ಎಂಜಿನ್ ಕಂಟ್ರೋಲ್ ಯೂನಿಟ್ಟಿನೊಳಗಿನ ಕೆಪಾಸಿಟರ್ ಸೋರಿ ಬೋರ್ಡಿನ ತಾಮ್ರವನ್ನು ತಿನ್ನುವುದು ಇನ್ನೊಂದು. ಎಂಜಿನ್ ಒಮ್ಮೊಮ್ಮೆ ಮುಗ್ಗರಿಸುವುದು, ಬಿಸಿಯಾದಾಗ ಸ್ಟಾರ್ಟ್ ಆಗದಿರುವುದು ಅದರ ಲಕ್ಷಣ. ಆ ಹಂತದಲ್ಲೇ ಬಿಚ್ಚಿಸಿದರೆ ಕೆಪಾಸಿಟರ್ ಬದಲಿಸುವಷ್ಟರಲ್ಲಿ ಮುಗಿಯುತ್ತದೆ. ಬೋರ್ಡು ಸುಟ್ಟ ಮೇಲೆ ಬೇರೆ ಕಾರಿನ ಯೂನಿಟ್ ತಂದರೂ, ಕಳ್ಳತನ ತಡೆಯುವ ಇಮೊಬಿಲೈಸರ್ ಇರುವ ಕಾರಿನಲ್ಲಿ ಅದು ಕೀಲಿಯನ್ನು ಒಪ್ಪುವುದಿಲ್ಲ. ಆದ್ದರಿಂದ ಕಾರು ಚೆನ್ನಾಗಿ ಓಡುತ್ತಿರುವಾಗಲೇ ಯೂನಿಟ್ಟಿನ ಮೆಮೊರಿಯನ್ನು ಓದಿಸಿ, ಆ ಫೈಲನ್ನು ಸರ್ವಿಸ್ ಬಿಲ್ಲುಗಳ ಜೊತೆ ಕಾಪಿ ಮಾಡಿ ಇಟ್ಟುಕೊಳ್ಳಬೇಕು.